ಕಬ್ಬಿಣದ ಮೇಲಿನ ಶಾಸನ: ಚಾಸಿ ನಂಬರಿನ ಕಥೆ

ಹಳೆ ಗಾಡಿಗೆ ಎನ್‌ಒಸಿ ಮಾಡಿಸಲು ಆರ್‌ಟಿಒ ಕಚೇರಿಗೆ ಹೋದವರಿಗೆ ‘ಪೆನ್ಸಿಲ್ ಪ್ರಿಂಟ್’ ಗೊತ್ತಿರುತ್ತದೆ. ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಕ್ಷರಗಳು ಮೂಡುತ್ತವೆ. ಗುಡಿ ಮುಂದಿನ ಕಲ್ಲುಶಾಸನದ ಅಚ್ಚು ತೆಗೆಯುವುದೂ ಹೆಚ್ಚುಕಮ್ಮಿ ಹೀಗೇ. ಚಾಸಿ ನಂಬರೂ ಒಂದು ಶಾಸನವೇ. ಓದಲು ಬಂದರೆ ಗಾಡಿಯ ಹುಟ್ಟು ತಿಳಿಯುತ್ತದೆ.

ಈ ಶಾಸನಕ್ಕೆ ಮೊದಲು ಒಂದೇ ಲಿಪಿ ಇರಲಿಲ್ಲ. ಅಮೆರಿಕದಲ್ಲಿ ಬಹುಕಾಲ ಎಂಜಿನ್ ನಂಬರನ್ನೇ ಕಾರಿನ ಗುರುತಾಗಿ ಬಳಸುತ್ತಿದ್ದರು. ಎಂಜಿನ್ ಬದಲಾಯಿಸಿದರೆ ಗುರುತೂ ಹೋಯಿತು. 1954ರ ಹೊತ್ತಿಗೆ ಗಾಡಿಗೇ ನಂಬರ್ ಕೊಡುವ ಪದ್ಧತಿ ಬಂತು. ಆದರೆ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. 1977ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಒಂದು ಮಾದರಿ ರೂಪಿಸಿತು. 1981ರಿಂದ ಅಮೆರಿಕ 17 ಅಕ್ಷರಗಳ ನಂಬರನ್ನು ಕಡ್ಡಾಯ ಮಾಡಿತು. ನಮ್ಮಲ್ಲೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಎರಡನ್ನೂ ಗಾಡಿಯ ಮೇಲೆ ಕೊರೆಯಬೇಕು ಎನ್ನುತ್ತವೆ.

ಇದರ ಬೆಲೆ ಜಗತ್ತಿಗೆ ಗೊತ್ತಾದದ್ದು 1993ರ ಫೆಬ್ರವರಿ 26ರಂದು. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ನೆಲಮಾಳಿಗೆಯಲ್ಲಿ ಬಾಂಬು ತುಂಬಿದ್ದ ವ್ಯಾನ್ ಸಿಡಿದು 6 ಜನ ಸತ್ತರು. ವ್ಯಾನ್ ಚೂರುಚೂರಾಗಿತ್ತು. ಆದರೆ ಅವಶೇಷದಲ್ಲಿ ಸಿಕ್ಕ ಒಂದು ತುಂಡಿನ ಮೇಲೆ ನಂಬರ್ ಉಳಿದಿತ್ತು. ಅದರಿಂದ ವ್ಯಾನ್ ಬಾಡಿಗೆಗೆ ಕೊಟ್ಟ ಅಂಗಡಿ ಪತ್ತೆಯಾಯಿತು. ವ್ಯಾನ್ ಕಳವಾಗಿದೆ, ಠೇವಣಿ ಹಣ ವಾಪಸ್ ಕೊಡಿ ಎಂದು ಬಂದವನೇ ಸಿಕ್ಕಿಬಿದ್ದ.

ಈಗ ನಿಮ್ಮ ಆರ್‌ಸಿ ತೆಗೆದು ಓದಿ ನೋಡಿ.

ಮೊದಲ 3 ಅಕ್ಷರ ತಯಾರಕರ ಗುರುತು. ಭಾರತದ ಗಾಡಿಗಳದು ಸಾಮಾನ್ಯವಾಗಿ ‘ಎಂ’ನಿಂದ ಶುರು. ‘ಎಂಎ3’ ಮಾರುತಿ, ‘ಎಂಎಟಿ’ ಟಾಟಾ, ‘ಎಂಬಿಎಲ್’ ಹೀರೋ, ‘ಎಂಡಿ2’ ಬಜಾಜ್, ‘ಎಂಡಿ6’ ಟಿವಿಎಸ್. ನಮ್ಮ ಬಿಡದಿಯ ಟೊಯೊಟಾಗೆ ‘ಎಂಬಿಜೆ’.

4ರಿಂದ 9ರವರೆಗೆ ಮಾಡೆಲ್, ಎಂಜಿನ್ ಮುಂತಾದ ವಿವರ. ಕೊನೆಯ ಅಂಕಿಗಳು ಆ ಗಾಡಿಯ ಕ್ರಮಸಂಖ್ಯೆ. ಇಂಗ್ಲಿಷಿನ ಐ, ಓ, ಕ್ಯೂ ಎಲ್ಲೂ ಇರುವುದಿಲ್ಲ. ಒಂದು, ಸೊನ್ನೆಯ ಜೊತೆ ಗೊಂದಲ ಆಗಬಾರದೆಂದು ಬಿಟ್ಟಿದ್ದಾರೆ. ಯಾರಾದರೂ ತೋರಿಸಿದ ನಂಬರಿನಲ್ಲಿ ಇವು ಕಂಡರೆ ಅನುಮಾನಪಡಿ.

ಹೆಚ್ಚಿನ ಕಂಪನಿಗಳಲ್ಲಿ 10ನೆಯದು ವರ್ಷ. 2010ಕ್ಕೆ ‘ಎ’, 2011ಕ್ಕೆ ‘ಬಿ’, ಹೀಗೆ ಸಾಗಿ 2017ಕ್ಕೆ ‘ಎಚ್’. ‘ಐ’ ಇಲ್ಲದ್ದರಿಂದ 2018ಕ್ಕೆ ‘ಜೆ’, 2020ಕ್ಕೆ ‘ಎಲ್’.

ನಮ್ಮ ಮನೆಗೆ ‘2018ರ ಮಾಡೆಲ್’ ಎಂದು ಒಂದು ಸೆಕೆಂಡ್ ಹ್ಯಾಂಡ್ ಬೈಕು ಬಂತು. ಹಣ ಕೊಟ್ಟ ಮೇಲೆ ನೋಡಿದರೆ 10ನೇ ಅಕ್ಷರ ‘ಎಚ್’. ನೋಂದಣಿ 2018ರದು, ಬೈಕು ಹುಟ್ಟಿದ್ದು 2017ರಲ್ಲಿ. ಮಾರಿದವರು ಹೇಳಿದ್ದು ಅರ್ಧ ಸತ್ಯ, ನಾವು ಕೊಟ್ಟದ್ದು ಪೂರ್ತಿ ದುಡ್ಡು.

ಆದ್ದರಿಂದ ಮುಂಗಡ ಕೊಡುವ ಮುಂಚೆ ಬೈಕಿನ ಹ್ಯಾಂಡಲ್ ಕೆಳಗೆ, ಫ್ರೇಮಿನ ಕುತ್ತಿಗೆ ಹತ್ತಿರದ ಮಣ್ಣು ಒರೆಸಿ. ಅಲ್ಲಿನ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಉಜ್ಜಿದ ಗುರುತು, ಸೊಟ್ಟ ಅಕ್ಷರ, ಅಷ್ಟು ಜಾಗಕ್ಕೆ ಮಾತ್ರ ಹೊಸ ಬಣ್ಣ ಕಂಡರೆ ಕೈಬಿಡಿ. ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ ನೋಂದಣಿ ವಿವರವನ್ನೂ ನೋಡಿ.

ನಂಬರ್ ಪ್ಲೇಟನ್ನು ಬದಲಾಯಿಸಬಹುದು. ಕಬ್ಬಿಣದಲ್ಲಿ ಕೊರೆದದ್ದನ್ನು ಅಳಿಸಿದರೂ ಗುರುತು ಉಳಿಯುತ್ತದೆ.