ಉತ್ಪನ್ನ ಮತ್ತು ಅದರ ನಕ್ಷೆ

ಗಣಿತದಲ್ಲಿ ಒಂದು ಗಣದ ಪ್ರತಿಯೊಂದು ಗಣಾಂಶಕ್ಕೂ ಇನ್ನೊಂದು ಗಣದ ಒಂದೇ ಒಂದು ಗಣಾಂಶವನ್ನು ಹೊಂದಿಸುವ ಸಂಬಂಧವೇ ಉತ್ಪನ್ನ.

2023ರ ಏಪ್ರಿಲ್ 2ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋದ ಮರುಬಳಕೆಯ ಉಡಾವಣಾ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ಬೆಳಿಗ್ಗೆ 7.10ಕ್ಕೆ ಹೊತ್ತೊಯ್ದು, ಸಮುದ್ರಮಟ್ಟದಿಂದ 4.5 ಕಿ.ಮೀ. ಎತ್ತರದಲ್ಲಿ ಬಿಟ್ಟಿತು. ವಾಹನವು 7.40ಕ್ಕೆ ತಾನಾಗಿಯೇ ರನ್‌ವೇಗೆ ಇಳಿಯಿತು. ಎಕ್ಸ್-ಅಕ್ಷದಲ್ಲಿ ಕಾಲವನ್ನೂ ವೈ-ಅಕ್ಷದಲ್ಲಿ ಎತ್ತರವನ್ನೂ ಗುರುತಿಸಿದರೆ ಏರಿ ಇಳಿಯುವ ವಕ್ರರೇಖೆ ದೊರೆಯುತ್ತದೆ. ಇದು ವಾಹನ ಸಾಗಿದ ಹಾದಿಯ ಚಿತ್ರವಲ್ಲ. ಆ 30 ನಿಮಿಷಗಳ ಯಾವ ಕ್ಷಣದಲ್ಲಿ ಲಂಬರೇಖೆ ಎಳೆದರೂ ಅದು ನಕ್ಷೆಯನ್ನು ಒಂದೇ ಬಿಂದುವಿನಲ್ಲಿ ಛೇದಿಸುತ್ತದೆ. ಆದ್ದರಿಂದ ಎತ್ತರವು ಕಾಲದ ಉತ್ಪನ್ನ. ವಿದ್ಯಾರ್ಥಿಗಳು ತಡವರಿಸುವುದು ಇದರ ವಿಲೋಮದಲ್ಲಿ: 2 ಕಿ.ಮೀ. ಎತ್ತರವನ್ನು ವಾಹನವು ಏರುವಾಗ ಒಮ್ಮೆ, ಇಳಿಯುವಾಗ ಮತ್ತೊಮ್ಮೆ ದಾಟಿರುವುದರಿಂದ ಕಾಲವು ಎತ್ತರದ ಉತ್ಪನ್ನವಾಗದು.