ಎಣ್ಣೆಗೆ ನೀರು ಸೇರಿದ ಕಥೆ

ಉರ್ವದ ಮಾರುಕಟ್ಟೆಗೆ ಹೋದಾಗ ಅಂಗಡಿಯ ಕಪಾಟನ್ನೊಮ್ಮೆ ಗಮನಿಸಿ. ತೆಂಗಿನೆಣ್ಣೆಯ ಸೀಸೆಯ ಮೇಲೆ ಒಂದೇ ಪದಾರ್ಥದ ಹೆಸರಿರುತ್ತದೆ. 'ಸೂಕ್ಷ್ಮ ಚರ್ಮಕ್ಕೆ' ಎಂದು ಬರೆದಿರುವ ಕ್ರೀಮಿನ ಡಬ್ಬಿಯ ಮೇಲೆ ಹತ್ತಾರು ಹೆಸರುಗಳು! ಈ ಪಟ್ಟಿ ಬೆಳೆದುದು ಹೇಗೆ?

ಎಣ್ಣೆ, ಜೇನುಮೇಣ, ಗುಲಾಬಿ ನೀರುಗಳನ್ನು ಕಲಸಿ ಲೇಪ ಮಾಡಿದ ಕೀರ್ತಿ ಕ್ರಿ.ಶ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್‌ನಿಗೆ ಸಲ್ಲುತ್ತದೆ. ಆದರೆ ಎಣ್ಣೆ ಮತ್ತು ನೀರು ಬಹುಕಾಲ ಕೂಡಿ ನಿಲ್ಲುತ್ತಿರಲಿಲ್ಲ. ಕುರಿಯ ಉಣ್ಣೆಯ ಜಿಡ್ಡಿನಿಂದ ಜರ್ಮನಿಯಲ್ಲಿ ತೆಗೆದ ಒಂದು ವಸ್ತು ಈ ತೊಡಕನ್ನು ಬಿಡಿಸಿತು. ಅದರ ಫಲವಾಗಿ 1911ರಲ್ಲಿ ನಿವಿಯಾ ಕ್ರೀಮು ಬಂತು. ಎರಡನ್ನೂ ಬೆಸೆದ ಆ ಉಣ್ಣೆಯ ಜಿಡ್ಡೇ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ.

ನೀರಿದ್ದಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಆದ್ದರಿಂದ ಕ್ರೀಮು ಕೆಡದಂತೆ ಸಂರಕ್ಷಕ ರಾಸಾಯನಿಕಗಳನ್ನು ಸೇರಿಸಬೇಕಾಯಿತು. ಅವುಗಳಲ್ಲೊಂದಾದ ಮೀಥೈಲ್ ಐಸೋಥಯಾಜೋಲಿನೋನ್ ಅನೇಕರಿಗೆ ಅಲರ್ಜಿ ತಂದುದರಿಂದ, ಹಚ್ಚಿಕೊಂಡು ತೊಳೆಯದೆ ಬಿಡುವ ಕ್ರೀಮುಗಳಲ್ಲಿ ಅದರ ಬಳಕೆಯನ್ನು ಐರೋಪ್ಯ ಒಕ್ಕೂಟವು 2017ರಿಂದ ನಿಷೇಧಿಸಿದೆ. ಪರಿಮಳದ್ರವ್ಯಗಳೂ ಅಲರ್ಜಿಗೆ ಮುಖ್ಯ ಕಾರಣ.

ಹಾಗಾದರೆ ನೈಸರ್ಗಿಕವಾದುದೆಲ್ಲ ನಿರಪಾಯವೇ? ಕರಾವಳಿಯವರಾದ ನಿಮಗೆ ಉತ್ತರ ಗೊತ್ತಿದೆ. ಗೇರುಬೀಜದ ಚಿಪ್ಪಿನ ಎಣ್ಣೆ ಮರವೇ ಕೊಟ್ಟದ್ದು. ಆದರೂ ಕಾರ್ಖಾನೆಗಳಲ್ಲಿ ಬೀಜ ಒಡೆಯುವ ಹೆಂಗಸರ ಕೈಗಳನ್ನು ಅದು ಸುಡುತ್ತದೆ. ನಮ್ಮ ಹೆಮ್ಮೆಯ ಶ್ರೀಗಂಧದೆಣ್ಣೆಯೂ ಕೆಲವರಿಗೆ ಆಗಿಬರುವುದಿಲ್ಲ.

ಇಲ್ಲೊಂದು ಭೇದವನ್ನು ತಿಳಿಯಬೇಕು. ತೀಕ್ಷ್ಣ ವಸ್ತುವು ಸಾಕಷ್ಟು ತಗುಲಿದರೆ ಯಾರ ಚರ್ಮವಾದರೂ ಉರಿಯುತ್ತದೆ. ಅಲರ್ಜಿ ಹಾಗಲ್ಲ. ದೇಹದ ರಕ್ಷಣಾ ವ್ಯವಸ್ಥೆ ಒಂದು ವಸ್ತುವನ್ನು ವೈರಿಯೆಂದು ಗುರುತಿಟ್ಟುಕೊಂಡ ಮೇಲೆ, ಅದು ಲೇಶಮಾತ್ರ ಸೋಕಿದರೂ ಒಂದೆರಡು ದಿನಗಳಲ್ಲಿ ತುರಿಕೆ, ಗುಳ್ಳೆ ಏಳಬಹುದು. ವರ್ಷಗಟ್ಟಲೆ ಒಗ್ಗಿದ್ದ ಕ್ರೀಮು ಒಂದು ದಿನ ಒಗ್ಗದಿರುವುದು ಹೀಗೆ.

ಅಪರಾಧಿಯನ್ನು ಹಿಡಿಯುವ ವಿಧಾನವನ್ನು 1895ರಲ್ಲಿ ಜರ್ಮನ್ ಚರ್ಮವೈದ್ಯ ಯೋಸೆಫ್ ಯಾಡಾಸ್ಸೋನ್ ತೋರಿಸಿಕೊಟ್ಟರು. ಇಂದು ಶಂಕಿತ ವಸ್ತುಗಳನ್ನು ಚಿಕ್ಕ ಪಟ್ಟಿಗಳಲ್ಲಿ ಬೆನ್ನಿಗೆ ಅಂಟಿಸಿ, ಎರಡು ದಿನಗಳ ಬಳಿಕ ತೆಗೆದು, ಆ ಜಾಗವನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ.

ಆದುದರಿಂದ ಮಿತ್ರರೇ, 'ಸೂಕ್ಷ್ಮ', 'ನೈಸರ್ಗಿಕ' ಎಂಬ ದೊಡ್ಡ ಅಕ್ಷರಗಳಿಗೆ ಮರುಳಾಗಬೇಡಿ. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಹೊಸ ಕ್ರೀಮನ್ನು ಮುಖಕ್ಕೆ ಬಳಿಯುವ ಮೊದಲು ಮೊಣಕೈಯ ಒಳಬದಿಗೆ ಕೆಲವು ದಿನ ಹಚ್ಚಿ ನೋಡಿ. ತುರಿಕೆ ಎದ್ದರೆ ಹಚ್ಚುವುದನ್ನು ನಿಲ್ಲಿಸಿ, ಡಬ್ಬಿಯನ್ನು ಎಸೆಯದೆ ಚರ್ಮವೈದ್ಯರಲ್ಲಿಗೆ ಕೊಂಡೊಯ್ಯಿರಿ. ರೋಗದ ಸುಳಿವು ಅದರ ಮೇಲೆಯೇ ಅಚ್ಚಾಗಿರಬಹುದು.