ಅಗ್ಗದ ಲೋಹದ ಲೆಕ್ಕ

ಕೂಟಗಲ್ಲಿನ ಸುತ್ತಣ ಹೊಲಗಳಲ್ಲಿ ಹಿಪ್ಪುನೇರಳೆ ಬೆಳೆಯುವ ರೈತರಿಗೆ ರಾಮನಗರದ ಗೂಡಿನ ಮಾರುಕಟ್ಟೆ ಸಮೀಪ. ಗೂಡು ನೂಲಾಗಿ ಬಣ್ಣದ ತೊಟ್ಟಿಗೆ ಇಳಿದಾಗ, ರೇಷ್ಮೆಗೆ ಬಣ್ಣ ಹಿಡಿಯಲೆಂದು ಅಸಿಟಿಕ್ ಆಮ್ಲವನ್ನು ಬೆರೆಸುವುದುಂಟು. ವಿನಿಗರಿನ ಹುಳಿಯೂ ಇದೇ. ಈ ಆಮ್ಲ ನಡೆದುಬಂದ ದಾರಿಯನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಆ ದಾರಿಯ ಒಂದು ಕವಲು ನಮ್ಮ ಭದ್ರಾವತಿಯಲ್ಲಿದೆ. 1923ರಲ್ಲಿ ಉತ್ಪಾದನೆಗೆ ತೊಡಗಿದ ಮೈಸೂರು ಕಬ್ಬಿಣದ ಕಾರ್ಖಾನೆ ಅದುರನ್ನು ಕರಗಿಸಿದ್ದು ಇದ್ದಿಲಿನಿಂದ. ಮರವನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿದರೆ ಇದ್ದಿಲು ಉಳಿಯುತ್ತದೆ. ಹೊರಟ ಆವಿಯನ್ನು ತಣಿಸಿದರೆ ಮೆಥನಾಲ್, ಅಸಿಟಿಕ್ ಆಮ್ಲ, ಡಾಂಬರು ದೊರೆಯುತ್ತವೆ. ಹೊಗೆಯಾಗಿ ಹೋಗುವುದನ್ನು ಹಿಡಿದಿಟ್ಟದ್ದು ಜಾಣತನವೇ ಸರಿ. ಆದರೆ ಒಲೆಗೆ ಬಿದ್ದದ್ದು ಮಲೆನಾಡಿನ ಕಾಡು.

ಮೆಥನಾಲಿಗೂ ಅಸಿಟಿಕ್ ಆಮ್ಲಕ್ಕೂ ಇರುವ ಅಂತರ ಕಾರ್ಬನ್ ಮಾನಾಕ್ಸೈಡಿನ ಒಂದು ಅಣು ಮಾತ್ರ. ಅದನ್ನು ಸೇರಿಸುವ ಕ್ರಿಯೆಯೇ ಕಾರ್ಬೊನೈಲೀಕರಣ. ಅವು ತಾವಾಗಿ ಸುಲಭದಲ್ಲಿ ಕೂಡುವುದಿಲ್ಲ. ನಡುವೆ ಲೋಹವೊಂದು ದಲ್ಲಾಳಿಯಾಗಿ ನಿಲ್ಲಬೇಕು. ನಿಕ್ಕಲ್ ಈ ಅನಿಲದೊಡನೆ ಕೂಡಿ ಆವಿಯಾಗುವುದನ್ನು ಲುಡ್ವಿಗ್ ಮಾಂಡ್ ಮತ್ತು ಸಂಗಡಿಗರು 1890ರಲ್ಲಿ ತಿಳಿಸಿದರು. 1938ರಲ್ಲಿ ಜರ್ಮನಿಯ ಆಟೋ ರೋಲನ್ ಕೋಬಾಲ್ಟಿನ ನೆರವಿನಿಂದ ಆಲ್ಕೀನುಗಳನ್ನು ಆಲ್ಡಿಹೈಡುಗಳಾಗಿಸಿದರು. 1960ರಲ್ಲಿ ಬಿಎಎಸ್ಎಫ್ ಸಂಸ್ಥೆ ಕೋಬಾಲ್ಟನ್ನೇ ಬಳಸಿ ಮೆಥನಾಲಿನಿಂದ ಆಮ್ಲ ತಯಾರಿಸಿತು.

ಅಗ್ಗದ ಲೋಹವೇ ಸಾಕಲ್ಲವೇ ಎಂದು ನೀವು ಕೇಳಬಹುದು. ಅದಕ್ಕೆ ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖವೂ ವಾಯುಮಂಡಲದ ಸುಮಾರು 700 ಪಟ್ಟು ಒತ್ತಡವೂ ಬೇಕಾಗಿದ್ದವು. ಮೆಥನಾಲಿನಲ್ಲಿ ಹತ್ತರಲ್ಲೊಂದು ಪಾಲು ವ್ಯರ್ಥವಾಗುತ್ತಿತ್ತು. 1970ರಲ್ಲಿ ಅಮೆರಿಕದ ಮೊನ್ಸಾಂಟೊ ಬಹು ದುಬಾರಿಯಾದ ರೋಡಿಯಮ್ಮನ್ನು ತಂದಿತು. 30ರಿಂದ 60 ಪಟ್ಟು ಒತ್ತಡ ಸಾಕಾಯಿತು. ವ್ಯರ್ಥ ನೂರಕ್ಕೆ ಒಂದರಷ್ಟಕ್ಕೆ ಇಳಿಯಿತು. ಕ್ರಿಯಾವರ್ಧಕ ತಾನು ಖರ್ಚಾಗದೆ ಮತ್ತೆ ಮತ್ತೆ ದುಡಿಯುವುದರಿಂದ ದುಬಾರಿಯೇ ಅಗ್ಗವಾಯಿತು. 1996ರಲ್ಲಿ ಇರಿಡಿಯಂ ಆ ಸಾಲಿಗೆ ಸೇರಿತು.

ಆದರೂ ರೋಡಿಯಂ ಭೂಮಿಯಲ್ಲಿ ಅತಿ ವಿರಳ. ಆದ್ದರಿಂದಲೇ ವಿಜ್ಞಾನಿಗಳು ಮತ್ತೆ ಕಬ್ಬಿಣ, ಕೋಬಾಲ್ಟ್, ತಾಮ್ರಗಳತ್ತ ತಿರುಗಿದ್ದಾರೆ. ಹಿಂದೆ ಒತ್ತಡದಿಂದ ಪಡೆದುದನ್ನು ಈಗ ಲೋಹಕ್ಕೆ ತಕ್ಕ ಸಂಗಾತಿ ಅಣುಗಳನ್ನು ಜೋಡಿಸಿ ಪಡೆಯುವ ಹವಣು ಅವರದು. ಆದರೆ ಬೆಲೆಯೊಂದನ್ನೇ ನೋಡುವಂತಿಲ್ಲ. ಮಾಂಡ್ ಕಂಡ ಆ ನಿಕ್ಕಲ್ ಆವಿ ಘೋರ ವಿಷ. ಲೋಹದ ಬೆಲೆಯೊಡನೆ ಉರಿದ ಇಂಧನವನ್ನೂ, ಕಡಿದ ಮರವನ್ನೂ, ದುಡಿಯುವವನ ಉಸಿರನ್ನೂ ಕೂಡಿಸಿ ನೋಡಿದಾಗಲೇ ಅಗ್ಗ ಯಾವುದೆಂಬುದು ತಿಳಿದೀತು.